ಬೆಕ್ಕಿನ ಪ್ರೋತ್ಸಾಹ

ಕೆರೆ ಏರಿಯ ಈಚಲು ಮರದಲ್ಲಿ ಅಳಿಲೊಂದು ತನ್ನದೇ ಬಾಲವನ್ನು ಯಾರೋ ಹಿರಿಯರೆಂದು ತಿಳಿದು ನಮಸ್ಕಾರ ಹೇಳಿದೆ ಎಂಬ ಕಳವಳಕಾರಿ ಸುದ್ದಿ ಬಂದಿದೆ. ಮಧ್ಯಾಹ್ನದಿಂದ ಅದು ಮರಕ್ಕೆ ಕಟ್ಟಿದ್ದ ಹೆಂಡದ ಮಡಕೆ ಬಿಟ್ಟು ಕದಲಿರಲಿಲ್ಲ.

ಜೊತೆಗೆ ಬಂದಿದ್ದ ಪಿಕಳಾರ ಹಕ್ಕಿ ಎರಡು ಗುಟುಕು ಕುಡಿದು, ನಾಲ್ಕು ಹಣ್ಣು ತಿಂದು ಸುಮ್ಮನೆ ಕೂತಿತ್ತು.

“ಎರಡೇ ಗುಟುಕಾ? ಅಕ್ಕ, ನೀನು ಕೂಟಕ್ಕೆ ಬಂದಿದ್ದೀಯೋ, ಔಷಧಿ ಕುಡಿಯಲು ಬಂದಿದ್ದೀಯೋ?” ಎಂದು ಅಳಿಲು ಹಂಗಿಸಿತು. ಆಮೇಲೆ, ಎದುರಿನ ಹೊಂಗೆ ಮರದಲ್ಲಿದ್ದ ತನ್ನ ಗೂಡಿಗೆ ಒಂದೇ ನೆಗೆತಕ್ಕೆ ಹೋಗುವುದಾಗಿ ಘೋಷಿಸಿತು. ನಡುವೆ ಐದು ಅಡಿ ಅಂತರವಿತ್ತು. ಕೆಳಗೆ ಬೆಕ್ಕು ಕೂತಿತ್ತು.

“ಇವತ್ತು ಇಲ್ಲೇ ಮಲಗು ತಮ್ಮ, ನಾನೂ ಇರುತ್ತೇನೆ,” ಎಂದಿತು ಪಿಕಳಾರ.

“ದಿನಾ ನೆಗೆಯುವ ಜಾಗ. ನನಗೇನೂ ಆಗಿಲ್ಲ.”

“ಖಂಡಿತ ಏನೂ ಆಗಿಲ್ಲ,” ಎಂದು ಬೆಕ್ಕು ಕೆಳಗಿನಿಂದ ಗೌರವದಿಂದ ಹೇಳಿತು. “ನಿಮ್ಮಂಥವರಿಗೆ ಇದೂ ಒಂದು ದೂರವೇ ಅಣ್ಣ? ಇನ್ನೊಂದು ಗುಟುಕು ಹಾಕಿಕೊಂಡೇ ನೆಗೆಯಿರಿ.”

“ಕೇಳಿಸಿತಾ?” ಎಂದು ಅಳಿಲು ಎದೆಯುಬ್ಬಿಸಿತು.

“ಕೇಳಿಸಿತು. ಯಾರು ಹೇಳಿದರು ಅಂತ ನೀನೂ ಒಮ್ಮೆ ನೋಡು,” ಎಂದಿತು ಪಿಕಳಾರ.

ಅಳಿಲು ಬಗ್ಗಿ ನೋಡಿತು. ಇಡೀ ಏರಿಯಲ್ಲಿ ತನ್ನ ಮಾತನ್ನು ಒಪ್ಪಿದ್ದು ಬೆಕ್ಕು ಮಾತ್ರ ಎಂಬುದು ಅದಕ್ಕೆ ತಡವಾಗಿಯಾದರೂ ಹೊಳೆಯಿತು. ಎತ್ತಿದ್ದ ಮುಂಗಾಲನ್ನು ಮೆಲ್ಲಗೆ ಇಳಿಸಿ, ಈಚಲು ಗರಿಯ ಬುಡವನ್ನು ತಬ್ಬಿಕೊಂಡು ಮಲಗಿತು. ಪಿಕಳಾರ ಪಕ್ಕದಲ್ಲೇ ಕೂತಿತು.

ಮರುದಿನ ಬಿಸಿಲೇರಿದ ಮೇಲೆ ಅಳಿಲು ಹೊಂಗೆ ಮರಕ್ಕೆ ನೆಗೆದು ಗೂಡು ಸೇರಿತು. ಬೆಕ್ಕು ಅಂದು ಮಿಡತೆ ತಿಂದಿತು.