ಕೋಟೆಗೆ ಅಲಂಕಾರ

ದಾವಣಗೆರೆಯ ಒಂದು ಕಚೇರಿಯವರು ಸಾವಿರಾರು ಜನ ಒಟ್ಟಿಗೆ ಆಡುವ ಕೋಟೆಯಾಟವನ್ನು ಮೊಬೈಲಿನಲ್ಲಿ ನಡೆಸುತ್ತಿದ್ದರು. ಅದರ ಸರ್ವರ್ ನೋಡಿಕೊಳ್ಳುವವಳು ನೀಲಾಂಬಿಕೆ.

"ಸಾರ್, ಅರ್ಧ ಗಂಟೆ ಆಟ ನಿಲ್ಲಿಸಿ ಸಾಫ್ಟ್‌ವೇರ್ ಸರಿಮಾಡದಿದ್ದರೆ ಜನ ಗೆದ್ದದ್ದೆಲ್ಲ ಅಳಿಸಿಹೋಗುತ್ತೆ."

"ನಿಲ್ಲಿಸಿದರೆ ಬೇರೆ ಆಟಕ್ಕೆ ಓಡ್ತಾರೆ ಕಣಮ್ಮ! ಹಾಗಾದರೆ ನಿನ್ನ ಕೆಲಸವೂ ಹೋಯ್ತು!" ಎಂದು ಗುಡುಗಿದರು ಮಾಲೀಕ ಗುರುಶಾಂತಪ್ಪ.

ನೀಲಾಂಬಿಕೆ ದೇವರನ್ನು ನೆನೆದಳು. ಕರುಣಾಮಯಿ ದಾರಿ ತೋರಿದ. ಗುಡಿಯಲ್ಲಿ ಅಲಂಕಾರಕ್ಕೆ ತೆರೆ ಎಳೆದರೆ ಯಾರಾದರೂ ಮನೆಗೆ ಹೋಗುತ್ತಾರೆಯೇ? ಅವಳು ಆಟ ನಿಲ್ಲಿಸಿ, ಎಲ್ಲರ ಮೊಬೈಲಿಗೂ ಕೆಂಪು ತೆರೆಯ ಚಿತ್ರ ಕಳಿಸಿದಳು: "ಕೋಟೆಗೆ ಅಲಂಕಾರ ನಡೆದಿದೆ."

ಯಾರೂ ಕದಲಲಿಲ್ಲ. "ಮುಂದಿರುವವರು ಸ್ವಲ್ಪ ಬಗ್ಗಿ, ನಮಗೂ ಕಾಣಲಿ!" ಎಂದು ಆಟಗಾರನೊಬ್ಬ ಆಟದ ಚಾಟ್‌ನಲ್ಲಿ ಬರೆದ.

ಬೈಯಲು ಓಡಿಬಂದ ಗುರುಶಾಂತಪ್ಪ ಅವಳ ಕಂಪ್ಯೂಟರಿನಲ್ಲಿ ಕೆಂಪು ತೆರೆ ಕಂಡದ್ದೇ ಚಪ್ಪಲಿ ಬಿಟ್ಟರು, ಕೈ ಮುಗಿದರು, ಮೆಲ್ಲಗೆ ಕೇಳಿದರು:

"ದರ್ಶನ ಎಷ್ಟೊತ್ತಿಗಮ್ಮ?"