ಮೂವರು ಅರಸರ ಕಲ್ಲು

ಕದಂಬರ ಕಾಲದಲ್ಲಿ, ಒಂದು ಪುಟ್ಟ ರಾಜಧಾನಿಯ ಊರಬಾಗಿಲಲ್ಲಿ ಶಾಸನದ ಕಲ್ಲೊಂದು ಬಲು ಜಂಬದಿಂದ ನಿಂತಿತ್ತು. "ಸೂರ್ಯಚಂದ್ರರಿರುವ ತನಕ ಆಳುವ, ಊರಿಗೆ ಕೆರೆ ಕಟ್ಟಿಸಿದ ಅರಸ ಚಂಡಸೇನ" ಎಂದು ಅದರ ಮೈಮೇಲೆ ಬರೆದಿತ್ತು. ಮುಂಗಾರಿಗೆ ಮೊದಲೇ ಉಳಿ ಬಂತು.

"ಚಂಡಸೇನನನ್ನು ತಮ್ಮನೇ ಕೊಂದ. ಹೆಸರು ತೆಗೆದು ತಮ್ಮನದು ಕೆತ್ತಬೇಕು" ಎಂದಿತು ಉಳಿ.

"ಹೊಗಳಿಕೆ?" ಎಂದಿತು ಕಲ್ಲು.

"ಅದು ಯಾರಿಗಾದರೂ ಒಪ್ಪುತ್ತದೆ, ಇರಲಿ."

ನವರಾತ್ರಿಯ ಹೊತ್ತಿಗೆ ತಮ್ಮನನ್ನು ಸೇನಾಪತಿ ಓಡಿಸಿ ಪಟ್ಟವೇರಿದ. ಉಳಿ ಮತ್ತೆ ಬಂತು. ಸುಗ್ಗಿಯಲ್ಲಿ ಸೇನಾಪತಿ ಜ್ವರ ಬಂದು ಸತ್ತ. ಉಳಿ ಮತ್ತೂ ಬಂತು.

"ಕೆರೆಯನ್ನಾದರೂ ಯಾರಾದರೂ ಕಟ್ಟಿಸಿದರೇ?" ಕಲ್ಲು ಕೇಳಿತು.

"ಪಟ್ಟ ಏರಿ ಇಳಿಯುವುದಕ್ಕೇ ಪುರಸೊತ್ತಿಲ್ಲ, ಕೆರೆಯೆಲ್ಲಿ ಬಂತು! ಮುಂದಿನವನು ಯಾರೋ, ಎಷ್ಟು ದಿನವೋ. ನೀನು ಮಲಗಿಯೇ ಇರು, ಕೆತ್ತಲು ಸುಲಭ" ಎಂದು ಉಳಿ ಅದನ್ನು ಅಂಗಾತ ಕೆಡವಿಸಿತು.

ಹೆಸರಿದ್ದ ಜಾಗ ಕೆತ್ತಿ ಕೆತ್ತಿ ಗುಳಿಬಿದ್ದಿತ್ತು. ಯುಗಾದಿಯ ಮಳೆಗೆ ಗುಳಿ ತುಂಬಿತು. ಗುಬ್ಬಿಯೊಂದು ಹೊಟ್ಟೆ ತುಂಬ ಕುಡಿದು ಕೇಳಿತು: "ಇಷ್ಟು ಒಳ್ಳೆಯ ಕೆರೆ ಕಟ್ಟಿಸಿದ ಪುಣ್ಯಾತ್ಮ ಯಾರು?"

"ಒಬ್ಬರ ಕೈಲಾಗುವ ಕೆಲಸವೇನಮ್ಮಾ?" ಎಂದಿತು ಕಲ್ಲು. "ಮೂವರು ಅರಸರು ಬೇಕಾಯಿತು."