ಹೊಸ ಮೂತಿಯ ಕಾರು

ಸಾಹುಕಾರರ ಷೆಡ್ಡಿನಲ್ಲಿದ್ದ ಉದ್ದನೆಯ ಕಾರಿಗೆ ಒಂದೇ ಭಯ, ಹೊಸ ಮಾಡೆಲ್ ಬಂದರೆ ತನ್ನನ್ನು ಗುಜರಿಗೆ ಹಾಕುತ್ತಾರೆ ಅಂತ. ಅದಕ್ಕೇ ಕಂಡಕಂಡವರನ್ನು ಕೇಳೋದು: "ನನ್ನ ಮೂತಿ ಹೇಗಿದೆ?"

"ಬಾಯಿ ತೀರಾ ಸಣ್ಣದು ಕಣಕ್ಕ, ಗಂಜಿ ಕುಡಿಯೋ ಮುದುಕಿ ಹಾಗೆ," ಎಂದಿತು ಸ್ಕೂಟರು.

"ಕಣ್ಣೋ, ಬೇಯಿಸಿದ ಮೊಟ್ಟೆ," ಎಂದಿತು ಪೊರಕೆ. ತನಗೆ ಕಣ್ಣೇ ಇಲ್ಲ, ಆದರೂ ಹೇಳಿತು ನೋಡಿ!

ಹೊಸ ಮೂತಿ ಬೇಕೆಂದು ಕಾರು ಹಟ ಹಿಡಿದು ಸ್ಟಾರ್ಟೇ ಆಗಲಿಲ್ಲ. ಸಾಹುಕಾರರು ಗ್ಯಾರೇಜಿಗೆ ಕಳಿಸಿ ಹೊಸ ಮಾಡೆಲಿನ ಮೂತಿಯನ್ನೇ ಕೂರಿಸಿ ತಂದರು. ಸೀಳುಗಣ್ಣು, ನೆಲ ಮುಟ್ಟುವ ಬಾಯಿ. ಅದಕ್ಕೆ ದೃಷ್ಟಿಯಾಗಬಾರದೆಂದು ಹಳೇ ಮೂತಿಯನ್ನು ದೃಷ್ಟಿಗೊಂಬೆಯ ಹಾಗೆ ಎದುರು ಗೋಡೆಗೆ ತೂಗುಹಾಕಿದರು.

"ಈಗ ಲಕ್ಷಣವಾಯ್ತು ಬಿಡಕ್ಕ," ಎಂದು ಸ್ಕೂಟರು ಹೇಳುವಷ್ಟರಲ್ಲಿ ಗೋಡೆಯಿಂದ ಸಣ್ಣ ದನಿ ಬಂತು:

"ನನ್ನ ಮೈ ಹಾಕಿಕೊಂಡು ನಿಂತಿರೋಳು ಯಾರು?"

"ನಾನೇ ಕಣೇ," ಎನ್ನಲು ಕಾರು ಬಾಯಿ ತೆರೆಯಿತು. ಮಾತು ಹೊರಗೆ ಬರಲೇ ಇಲ್ಲ. ಹೊಸ ಬಾಯಿ ತನ್ನದೇ ತಣ್ಣನೆಯ ದನಿಯಲ್ಲಿ ಸ್ಕೂಟರನ್ನು ಕೇಳಿತು:

"ನನ್ನೊಳಗೆ ಯಾರೋ ಅಳುತ್ತಿದ್ದಾರಲ್ಲ, ಯಾರಮ್ಮ ಅದು?"